ಪಂಚಮಿಯ ದಿನ ಉಗುರಿಗೆ ಸೂಜಿ ಚುಚ್ಚಿದ ಬಾಬತ್ತು

ಇಂದ: ಉಳಿವೆಪ್ಪ, ವೀಳ್ಯದೆಲೆ ತೋಟದವನು, ಮುಕ್ಕಾಂ ಸವಣೂರು.

ಗೆ: ಶ್ರೀ ನಾಗಪ್ಪ ದೇವರು, ಬೇವಿನ ಗಿಡದ ಬುಡದ ಹುತ್ತ, ಸದರ ಊರು.

ವಿಷಯ: ತಂಗಿಯ ಮೇಲೆ ಬರಬಹುದಾದ ದೋಷವನ್ನು ಅಣ್ಣನ ಹೆಸರಿಗೆ ವರ್ಗ ಮಾಡುವ ಕುರಿತು.

ಉಲ್ಲೇಖ: ಇಂದು ಮುಂಜಾನೆ ಸದರ ಹುತ್ತಕ್ಕೆ ಎರೆದ ಹಾಲು.

ನಾಗರಪಂಚಮಿ, 1938

ಮೆಹರಬಾನ ನಾಗಪ್ಪನವರೇ,

1. ಗಂಡನ ಮನೆಯಾದ ಹಿರೇಕೆರೂರಿನಿಂದ ಹಬ್ಬಕ್ಕೆ ಬಂದ ತಂಗಿ ಸುಶೀಲವ್ವನಿಗಾಗಿ ಅರ್ಜಿದಾರನು ನಿನ್ನೆ ಜೋಕಾಲಿಯ ಮಣೆಗೆ ಬೆಣೆ ಬಡಿಯುತ್ತಿದ್ದನು. ಕೊಡತಿಯು ಬೆಣೆಯನ್ನು ಬಿಟ್ಟು ಅವನ ಎಡಗೈ ಹೆಬ್ಬೆರಳನ್ನು ಆರಿಸಿಕೊಂಡಿತು. ತಣ್ಣೀರು, ಅರಿಷಿಣ, ಸುಣ್ಣ ಎಲ್ಲ ಆದವು. ಇಂದು ಮುಂಜಾನೆ ಉಗುರು ನೇರಳೆ ಹಣ್ಣಿನಂತೆ ಕಪ್ಪಾಗಿ, ಒಳಗೆ ರಕ್ತ ಕಟ್ಟಿ, ಮೈಯ ನಾಡಿಯೆಲ್ಲ ಅಲ್ಲೇ ಬಡಿಯತೊಡಗಿತು. ಕಾರಣ ಅರ್ಜಿದಾರನು, ಮೀಸೆ ಬಂದವನಾದರೂ, ಅತ್ತನು.

2. ಕಾಯಿಸಿದ ಸೂಜಿಯಿಂದ ಉಗುರಿಗೆ ತೂತು ಹಾಕಿ ರಕ್ತ ಬಿಡುವುದೇ ಇದಕ್ಕೆ ಮದ್ದೆಂದು ಮನೆಯವರೆಲ್ಲ ಬಲ್ಲರು. ಆದರೆ ತಮ್ಮ ಹಬ್ಬದ ದಿನ ಹೆಚ್ಚಬಾರದು, ಕೊಯ್ಯಬಾರದು, ಅಗೆಯಬಾರದು. "ನಾಳಿತನಕ ತಡಕೋ. ಸಾಯೂದಿಲ್ಲ ನೀ" ಎಂದು ತಾಯಿ ತಿಪ್ಪವ್ವ ಸೂಜಿಯ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು ಕುಳಿತಳು. ಉಗುರು ಭೂಮಿಯಲ್ಲ, ಅದರ ಕೆಳಗೆ ತಮ್ಮ ಪೈಕಿ ಯಾರೂ ವಾಸವಿಲ್ಲ ಎಂಬ ಅರ್ಜಿದಾರನ ತಕರಾರು ವಜಾ ಆಯಿತು.

3. ಆಗ ಸುಶೀಲವ್ವ, ಬರುವ ಕೂಸಿಗೆಂದು ಹೊಲಿಯುತ್ತಿದ್ದ ಕೌದಿಯಿಂದ ಸೂಜಿ ಎಳೆದು ದೀಪಕ್ಕೆ ಹಿಡಿದಳು.

"ಬ್ಯಾಡವಾ, ಬಸರಿದ್ದೀ ನೀ!" ಎಂದು ತಾಯಿ ಚೀರಿದಳು.

"ಅಣ್ಣ ಅಳಾಕತ್ತಾನ ಬೇ. ನಾಗಪ್ಪಗೂ ಕಣ್ಣ ಅದಾವ" ಎಂದವಳೇ ಚುಚ್ಚಿದಳು. ಕರಿ ರಕ್ತ ಚಿಮ್ಮಿತು. ಅಬ್ಬಾ! ಆ ಸುಖವನ್ನು ಅರ್ಜಿಯ ಭಾಷೆಯಲ್ಲಿ ಹೇಳಲು ಬರುವುದಿಲ್ಲ.

4. ಆಗಿನಿಂದ ತಾಯಿ ಹಬ್ಬದ ಉಂಡಿ ಮುಟ್ಟಿಲ್ಲ. "ಹೊಟ್ಟ್ಯಾಗಿನ ಕೂಸಿಗೆ ಏನರ ಆದರ ಬೀಗರಿಗೆ ಏನಂತ ಹೇಳ್ಲಿ?" ಎಂದು ಅಳುತ್ತಾಳೆ. ಸುಶೀಲವ್ವ ನಗುತ್ತಾಳೆ, ಆದರೆ ನಗುವಾಗ ಕೈ ಹೊಟ್ಟೆಯ ಮೇಲಿರುತ್ತದೆ. ಅರ್ಜಿದಾರನಿಗೆ ಈಗ ಬೆರಳಿಗಿಂತ ಅದೇ ಹೆಚ್ಚು ನೋಯುತ್ತಿದೆ.

ಬೆರಳು ಅರ್ಜಿದಾರನದು, ಅತ್ತವನೂ ಅವನೇ. ಆದ್ದರಿಂದ ದೋಷವೂ ಅವನದೇ ಎಂದು ನಮೂದಿಸಿಕೊಳ್ಳಬೇಕು. ತಂಗಿಯ ಹೆಸರು ಎಲ್ಲಿಯೂ ಬರಕೂಡದು.

ತಮ್ಮ ವಿಶ್ವಾಸಿಯೂ ನೆರೆಯವನೂ ಆದ
ಉಳಿವೆಪ್ಪ

ಅಡಕ: ಸದರ ಸೂಜಿ; ತಾಯಿಯ ಪಾಲಿನ ಉಂಡಿ.

ವಿ.ಸೂ.: ಅರ್ಜಿದಾರನು ದಿನಾಲೂ ಎಲೆತೋಟದಲ್ಲಿ ಬರಿಗಾಲಲ್ಲೇ ಓಡಾಡುತ್ತಾನೆ. ತಾವು ಹಿರೇಕೆರೂರಿನವರೆಗೆ ಹೋಗುವ ತ್ರಾಸು ತೆಗೆದುಕೊಳ್ಳಬಾರದೆಂದು ವಿನಂತಿ.