ಫ್ಲೆಮಿಂಗೋ ನೋಡಲು ಐದು ನಿಮಿಷ

ಹೊಟೇಲಿನವರು "ಐದು ನಿಮಿಷ" ಅಂದರೆ ಅದನ್ನು ಗಡಿಯಾರ ನೋಡಿ ಅಳೆಯಬಾರದು. ದೋಸೆ ಇನ್ನೂ ಹಿಟ್ಟಾಗಿಯೇ ಇರುವಾಗಲೂ ನಾವು ಐದು ನಿಮಿಷ ಅನ್ನುತ್ತೇವೆ, ಗಿರಾಕಿ ಒಂದು ಲೋಟ ನೀರು ಕುಡಿದು ನಂಬುತ್ತಾನೆ. ಠಾಣೆ ಶಹರದ ಕೋಪರಿಯಲ್ಲಿ, ರೈಲ್ವೆ ಸ್ಟೇಷನ್ನಿನ ಪಕ್ಕದ ಹೊಟೇಲೊಂದರ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕೂತು ಈ ಐದು ನಿಮಿಷವನ್ನು ಹಂಚಿದವನು ನಾನು. ಏಳನೇ ಕ್ಲಾಸಿನ ಗಣಿತವೂ ನಾನೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದ ಮೇಲೆ ನಾನು ಸರಿಯಾಗಿ ಕಲಿತ ಲೆಕ್ಕ ಇದೊಂದೇ.

ನನ್ನ ಅಕ್ಕ ಹಾಗಲ್ಲ, ಓದಿದವಳು. ಡೊಂಬಿವಲಿಯಲ್ಲಿ ಮನೆ, ಬೇಲಾಪುರದಲ್ಲಿ ಸರ್ಕಾರಿ ಆಫೀಸು. ಯಾರ ಹತ್ತಿರವೂ ಏನನ್ನೂ ಕೇಳದ ಹೆಂಗಸು ಈ ಮೇ ತಿಂಗಳಲ್ಲಿ ಒಂದು ಕೇಳಿದಳು. "ಆಫೀಸಿನಲ್ಲಿ ಎಲ್ಲರ ಫೋನಿನಲ್ಲೂ ಫ್ಲೆಮಿಂಗೋ ಉಂಟು ಮಾರಾಯ. ನನ್ನದರಲ್ಲಿ ನಿನ್ನ ಹೊಟೇಲಿನ ಮೆನು ಮಾತ್ರ. ಒಮ್ಮೆ ಹತ್ತಿರದಿಂದ ತೋರಿಸ್ತೀಯಾ?" ಜೂನಿನಲ್ಲಿ ಅವಳಿಗೆ ನಾಗಪುರಕ್ಕೆ ವರ್ಗವಾಗಿತ್ತು. ಮಳೆ ಬಂದರೆ ಹಕ್ಕಿಗಳೂ ಹೊರಡುತ್ತವೆ. ಉಳಿದದ್ದು ಒಂದೇ ಭಾನುವಾರ.

ಐರೋಳಿಯಲ್ಲಿ ಸಮುದ್ರದ ನೀರು ಒಳಗೆ ಚಾಚಿಕೊಂಡ ಖಾಡಿ ಇದೆ. ಅಲ್ಲಿ ಉಬ್ಬರವಿದ್ದಾಗ ಮಾತ್ರ ಹಕ್ಕಿಗಳ ಹತ್ತಿರಕ್ಕೆ ದೋಣಿ ಹೊರಡುತ್ತದೆ. ದೋಣಿಯವನಿಗೆ ಫೋನ್ ಮಾಡುವ ಕೆಲಸ ನಾನೇ ವಹಿಸಿಕೊಂಡೆ. "ಆಠ್ ಬಜೇ, ಸೇಟ್. ಪಾನೀ ರುಕೇಗಾ ನಹೀಂ," ಅಂದ. ಎಂಟು ಗಂಟೆ, ನೀರು ನಮಗಾಗಿ ಕಾಯುವುದಿಲ್ಲ ಅಂತ ಅರ್ಥ. ನಾನು ಅಕ್ಕನಿಗೆ "ಒಂಬತ್ತಕ್ಕೆ" ಅಂದೆ.

ನಾನು ಒಪ್ಪಿಕೊಳ್ಳಬೇಕಾದ ತಪ್ಪು ಇದೇ. ಅವನ ಎಂಟೂ ನಮ್ಮ ಐದು ನಿಮಿಷದ ಜಾತಿಯದ್ದೇ ಇರಬೇಕು ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನಡುವಿನ ಆ ಒಂದು ತಾಸು ನನಗೆ ಬೇಕಿತ್ತು. ಅಕ್ಕನ ಮಕ್ಕಳಾದ ತನ್ವಿ ಮತ್ತು ಅಥರ್ವನಿಗೆ ನಾನೆಂದರೆ ಹಬ್ಬಕ್ಕೆ ಮೈಸೂರು ಪಾಕಿನ ಡಬ್ಬಿ ತರುವ ಮಾಮಾ, ಅಷ್ಟೇ. ಒಮ್ಮೆ ಹೋಮ್‌ವರ್ಕಿನ ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಬಂದಾಗ ಅಥರ್ವ ಅದನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡು, "ರೆಹನೇ ದೋ, ಮಾಮಾ ಕೋ ನಹೀಂ ಆತಾ," ಅಂದಿದ್ದ. ಮಾಮನಿಗೆ ಬರುವುದಿಲ್ಲ ಎಂಬ ಹುಡುಗನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಅವರು ನನ್ನನ್ನು ನನ್ನ ರಾಜ್ಯದಲ್ಲಿ ಒಮ್ಮೆ ನೋಡಲಿ ಅನ್ನಿಸಿತ್ತು.

ಆ ಭಾನುವಾರ ಏಳೂವರೆಗೆ ಅಕ್ಕ, ಮಕ್ಕಳು ಹೊಟೇಲಿಗೆ ಬಂದರು. ಎ.ಸಿ. ಕೋಣೆಯಲ್ಲಿ ಕೂರಿಸಿದೆ. ವೇಟರ್‌ಗಳೆಲ್ಲ ಬಂದು ನಮಸ್ಕಾರ ಹೇಳಿಹೋದರು. ಹೇಳಬೇಕೆಂದು ನಾನೇ ಹಿಂದಿನ ದಿನ ಹೇಳಿಟ್ಟಿದ್ದೆ. ಬನ್ಸ್ ಬಂತು, ಮಸಾಲೆದೋಸೆ ಬಂತು.

"ಹೊರಡುವನಾ?" ಅಕ್ಕ ಕೇಳಿದಳು.

"ಐದು ನಿಮಿಷ ಅಕ್ಕ, ಶೀರಾ ಬರ್ತಾ ಉಂಟು."

ಮತ್ತೊಮ್ಮೆ ಕೇಳಿದಳು. ಅಷ್ಟರಲ್ಲಿ ಅಥರ್ವ, ಇವರೆಲ್ಲ ನನ್ನ ಮಾತು ಕೇಳುತ್ತಾರಾ ಎಂದು ಕಣ್ಣರಳಿಸಿ, "ಮಾಮಾ, ಯೇ ಸಬ್ ಲೋಗ್ ಆಪ್ ಕೀ ಸುನ್ತೇ ಹೈಂ?" ಅಂದ. ಅಕ್ಕ ಅವನ ಮುಖ ನೋಡಿದಳು, ಆಮೇಲೆ ಸುಮ್ಮನೆ ಚಮಚ ಎತ್ತಿಕೊಂಡಳು.

ಒಂಬತ್ತಕ್ಕೆ ಐರೋಳಿ ತಲುಪಿದಾಗ ದೋಣಿ ಕೆಸರಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿತ್ತು. "ಆಠ್ ಬೋಲಾ ಥಾ ನಾ, ಸೇಟ್?" ಅಂದ ದೋಣಿಯವ. "ನೌ ಬೋಲಾ ಥಾ!" ಎಂದು ನಾನು ಕೂಗಾಡಿದೆ. ಎಂಟನ್ನು ಒಂಬತ್ತು ಮಾಡುವಂಥ ಸುಳ್ಳು ಹೇಳುವಾಗ ನನ್ನ ಗಂಟಲು ಚೆನ್ನಾಗಿ ತೆರೆಯುತ್ತದೆ. ಆತ ನೀರಿದ್ದ ಜಾಗವನ್ನು ಕೈಯಲ್ಲಿ ತೋರಿಸಿ ಬೀಡಿ ಹಚ್ಚಿದ. ಸಮುದ್ರಕ್ಕೆ ಒಂದು ಚಹಾ ಕೊಟ್ಟು ಕೂರಿಸುವಂತಿಲ್ಲ.

ದೂರದಲ್ಲಿ, ಟೇಬಲ್ ಮೇಲೆ ಚೆಲ್ಲಿದ ರೋಸ್ ಮಿಲ್ಕನ್ನು ಅರ್ಧ ಒರೆಸಿ ಬಿಟ್ಟ ಹಾಗೆ ಒಂದು ಗುಲಾಬಿ ಗೆರೆ ಕಾಣುತ್ತಿತ್ತು. ಅಕ್ಕ ಫೋನ್ ಎತ್ತಿ ಹಿಡಿದಳು. ತನ್ವಿ ಇಣುಕಿ, "ಆಯೀ, ಯೇ ತೋ ಸಿರ್ಫ್ ಡಾಟ್ಸ್ ಹೈಂ," ಅಂದಳು. ಅಕ್ಕ ಆ ಚುಕ್ಕೆಗಳನ್ನೇ ನಾಲ್ಕು ಸಲ ತೆಗೆದಳು.

ವಾಪಸ್ ಹೋಗುವಾಗ ಪ್ಲಾಟ್‌ಫಾರಂನಲ್ಲಿ ನಾನು ಮತ್ತೆ ದೋಣಿಯವನನ್ನು ಬೈಯಲು ಶುರುಮಾಡಿದೆ.

"ಸಾಕು ಮಾರಾಯ," ಅಂದಳು ಅಕ್ಕ, ಮಕ್ಕಳಿಗೆ ಕೇಳದ ಹಾಗೆ. "ಎಂಟರ ಮೇಲೆ ನೀರು ಇಳೀತದೆ ಅಂತ ನಿನ್ನೆಯೇ ಫೋನಿನಲ್ಲಿ ನೋಡಿದ್ದೆ."

"ಮತ್ತೆ ಎಂತಕ್ಕೆ ಸುಮ್ಮನೆ ಕೂತೆ?"

"ಮಕ್ಕಳು ನಿನ್ನನ್ನು ಹಾಗೆ ನೋಡಿದ್ದು ಇದೇ ಮೊದಲು. ನಡುವಿನಿಂದ ಎಬ್ಬಿಸುವುದಾ?"

ಅಕ್ಕ ನಾಗಪುರಕ್ಕೆ ಹೋದಳು. ನಾನೀಗ ಗಿರಾಕಿಗಳಿಗೆ ನಿಜ ಹೇಳುತ್ತೇನೆ. "ಇಪ್ಪತ್ತು ನಿಮಿಷ ಆಗ್ತದೆ" ಅಂದರೆ ಅರ್ಧ ಜನ ಎದ್ದು ಹೋಗುತ್ತಾರೆ. ನನ್ನ ತಲೆ ಸರಿ ಇದೆಯಾ ಎಂದು ಯಜಮಾನರು ಎರಡು ಸಲ ವಿಚಾರಿಸಿದ್ದಾರೆ. ಪ್ರತಿ ಭಾನುವಾರ ಅಕ್ಕನ ಫೋನ್ ಬರುತ್ತದೆ. "ಯಾವಾಗ ಬರ್ತೀಯಾ? ಮಕ್ಕಳು ಕೇಳ್ತಾರೆ."

"ಇದೇ ತಿಂಗಳು ಅಕ್ಕ," ಅನ್ನುತ್ತೇನೆ. ಹಾಗೆ ಅನ್ನಲು ಶುರುಮಾಡಿ ನಾಲ್ಕು ತಿಂಗಳಾಯಿತು.