ಪುಂಡಿ ನಾರಿನ ಡ್ರೋನ್

ಮಕ್ಕಳ ಬುದ್ಧಿವಂತಿಕೆಯ ಬಗ್ಗೆ ಕಚೇರಿಯಲ್ಲಿ ಕೂತು ಹೆಮ್ಮೆಪಡುವುದು ಬಹಳ ಸುಲಭ. ಅದೇ ಬುದ್ಧಿವಂತಿಕೆ ಬಂದು ನಮ್ಮ ಬಚ್ಚಲನ್ನು ಆಕ್ರಮಿಸಿಕೊಂಡಾಗ ತಂದೆಯ ಪ್ರೀತಿ ಪರೀಕ್ಷೆಗೆ ಬೀಳುತ್ತದೆ. ನನ್ನ ಮಗಳು ಶ್ರಾವಣಿ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಉಳಿದವರು ಡ್ರೋನಿನ ಮೈಯನ್ನು ಪ್ಲಾಸ್ಟಿಕ್ಕಿನಿಂದ ಮಾಡಿದರೆ, ಇವಳು ಪುಂಡಿ ನಾರಿನಿಂದ ಮಾಡುತ್ತೇನೆಂದು ಹೊರಟಳು. ಪುಂಡಿ ಎಂದರೆ ನಾವು ಪಲ್ಯ ಮಾಡಿ ರೊಟ್ಟಿಯ ಜೊತೆ ತಿನ್ನುವ ಅದೇ ಗಿಡ. “ಹೊಲದಾಗ ಬಿದ್ದು ಮುರಿದರೂ ಪ್ಲಾಸ್ಟಿಕ್ ಕಸ ಕಮ್ಮಿ ಆಗ್ತದ ಅಪ್ಪಾ” ಎಂದಳು. ನಾನು ತಲೆಯಾಡಿಸಿದೆ. ಅರ್ಥವಾಗದ್ದಕ್ಕೆ ತಲೆಯಾಡಿಸುವುದು ಸರಕಾರಿ ನೌಕರಿ ಕಲಿಸಿದ ವಿದ್ಯೆ.

ಹೆಂಡತಿಯ ತವರೂರು ನಿಡೋಣಿಯಿಂದ ಅವಳ ತಮ್ಮ ಶಿವಾನಂದ ಪುಂಡಿ ಕಟ್ಟಿಗೆಯ ಹೊರೆ ಕಳಿಸಿದ. ನಾರು ಬಿಡಬೇಕಾದರೆ ಅದು ನೀರಿನಲ್ಲಿ ಕೊಳೆಯಬೇಕಂತೆ. ನಮ್ಮ ಬಚ್ಚಲಲ್ಲೇ ಕೊಳೆಯಿತು. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿ ಮೂಗು ಮುಚ್ಚಿಕೊಂಡಿತು. ಎದುರುಮನೆಯ ಗಂಗಕ್ಕ ಗಟಾರ ಕಟ್ಟಿದೆಯೆಂದು ಬಳಿಯುವವರನ್ನೇ ಕರೆಸಿದರು. “ಏನ್ರಿ, ಜಳಕ ಮಾಡಿ ಬಂದ ಮ್ಯಾಲೆ ಮತ್ತೊಮ್ಮೆ ಜಳಕ ಮಾಡೋ ಹಂಗ ಆಗ್ಯದ. ಮಗಳಿಗೆ ಒಂದು ಮಾತು ಹೇಳ್ರಿ” ಎಂದಳು ಹೆಂಡತಿ. ಹೇಳಲು ಹೋದ ನಾನು ಮಗಳ ಪಕ್ಕ ನಾರು ತೊಳೆಯಲು ಕೂತೆ.

ನಾರನ್ನು ಅಚ್ಚಿನಲ್ಲಿ ಹಾಸಿ, ಅಂಟು ಸುರಿದು, ಮೇಲೆ ಬೀಸುಕಲ್ಲು ಹೇರಿದ್ದಾಯಿತು. ಬೆಲ್ಲದ ಬಣ್ಣದ, ನಾಲ್ಕು ತೋಳಿನ ಚೌಕಟ್ಟು ಹೊರಬಂತು. ಮಗಳು ಅದಕ್ಕೆ ಮೋಟಾರು, ಬ್ಯಾಟರಿ ಕೂಡಿಸಿದಳು. ಗಾಂಧಿ ಚೌಕದಲ್ಲಿ ಸಿಕ್ಕವರಿಗೆಲ್ಲ “ನಾವೊಂದು ಡ್ರೋನ್ ಮಾಡಾಕತ್ತೇವ್ರಿ” ಎಂದು ಹೇಳುತ್ತ ತಿರುಗಿದೆ.

ಕಾಲೇಜಿನಲ್ಲಿ ತೋರಿಸುವ ಮೊದಲು ನಿಡೋಣಿಯ ಹೊಲದಲ್ಲಿ ಹಾರಿಸಿದೆವು. “ಯಪ್ಪಾ! ನಮ್ಮ ಪುಂಡಿ ಹಾರಾಕತ್ತೈತಿ ನೋಡ್ರಿ ಮಾವಾ!” ಎಂದು ಶಿವಾನಂದ ಕೂಗಿದ. ನನಗೆ ತಡೆಯಲಾಗಲಿಲ್ಲ, ರಿಮೋಟಿಗೆ ಕೈಚಾಚಿದೆ.

“ಮೆಲ್ಲಕ ಒತ್ತು ಅಪ್ಪಾ...”

ಡ್ರೋನ್ ನೆಟ್ಟಗೆ ಬೇವಿನ ಮರಕ್ಕೆ ಬಡಿದು ದೊಪ್ಪನೆ ಬಿತ್ತು. ಒಂದು ತೋಳು ಜೋತಾಡುತ್ತಿತ್ತು. ಮಗಳ ತಿಂಗಳುಗಟ್ಟಲೆಯ ದುಡಿಮೆ! ರಿಮೋಟನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ಅವಳು ಅದನ್ನೆತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಮುಖ ಅರಳಿತು. “ಸೀಳ್ಯದ, ಆದರ ಚೂರಾಗಿಲ್ಲ! ನಾರು ಹಿಡಕೊಂಡದ. ಬೇಕಂತ ಕೆಡವಿ ನೋಡಾಕ ನನಗ ಧೈರ್ಯನ ಬಂದಿರಲಿಲ್ಲ.”

ಕಾಲೇಜಿನಲ್ಲಿ ಹೊಸ ತೋಳು ಕೂಡಿಸಿ ಹಾರಿಸಿದಳು. ಸೀಳಿದ ತೋಳಿನ ಚಿತ್ರವನ್ನೂ ತೋರಿಸಿ, “ಏನೂ ಗೊತ್ತಿಲ್ಲದವರ ಕೈಯಾಗ ಕೊಟ್ಟೂ ಪರೀಕ್ಷೆ ಮಾಡೇವ್ರಿ” ಎಂದು ನನ್ನತ್ತ ಬೆರಳು ತೋರಿದಳು. ಸಭಾಂಗಣದ ತುಂಬ ಚಪ್ಪಾಳೆ. ನಾನು ಎದ್ದು ನಿಂತು ಕೈಮುಗಿದೆ.

“ಕೂಡ್ರಿ, ಅವರು ನಗಾಕತ್ತಾರ” ಎಂದು ಹೆಂಡತಿ ಅಂಗಿ ಎಳೆದಳು. ನಾನು ಹಿಂದಿನ ಸಾಲಿನವರಿಗೂ ಒಮ್ಮೆ ಕೈಮುಗಿದೇ ಕೂತೆ.