ಕನ್ನಡಕದ ಗಿರಾಕಿ

ಎಲ್ಲಕ್ಕೂ ಕಾರಣ ಒಂದು ದಪ್ಪ ಕನ್ನಡಕ. ಬೆಳಿಗ್ಗೆ ಅಂಗಡಿ ತೆರೆದು ಕತ್ತರಿ ಒರೆಸುತ್ತಿದ್ದ ಕ್ಷೌರಿಕನ ಬಳಿಗೆ ಪಕ್ಕದಂಗಡಿಯ ದರ್ಜಿ ಓಡಿ ಬಂದ.

"ಅಲ್ಲಿ ಕನ್ನಡಕ ಹಾಕ್ಕೊಂಡು ಬರ್ತಿದಾರಲ್ಲ, ವಿಜ್ಞಾನ ಹೈಸ್ಕೂಲಿಗೆ ದಾರಿ ಕೇಳಿದ್ರು. ಸಂದರ್ಶನ ಮಾಡೋ ಮೇಷ್ಟ್ರೇ ಅವರು. ಗಡ್ಡ ಬೇರೆ ಬೆಳೆದಿದೆ, ಬಿಡಬೇಡ."

ಕ್ಷೌರಿಕ ಕತ್ತರಿ ಬಿಟ್ಟು ಬೀದಿಗೆ ಓಡಿ ಅವರನ್ನು ಒಳಗೆ ಕರೆತಂದ. ಮಗಳು ಆ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಿದ್ದಳು. ಮಧ್ಯಾಹ್ನದ ಸಂದರ್ಶನ ದಾಟಿದರೆ ಸೀಟು ಸಿಕ್ಕಂತೆ. ವರ್ಷವಿಡೀ ಗಿರಾಕಿಗಳ ಗದ್ದಲದ ನಡುವೆ ಅಂಗಡಿಯ ಬೆಂಚಿನ ಮೇಲೆ ಕೂತು ಓದಿದ ಹುಡುಗಿ ಅದು. ಅವಳಿಗಾಗಿ ಅವನು ಏನು ಮಾಡಲೂ ಸಿದ್ಧನಿದ್ದ.

ಆ ಗಿರಾಕಿಗೆ ನಡೆದದ್ದು ಮದುವೆ ಗಂಡಿನ ಉಪಚಾರ. ಬಿಸಿ ಟವೆಲ್, ತಲೆಗೆ ಎಣ್ಣೆ, ಹೆಗಲಿಗೆ ಮಾಲೀಸು, ಎಲ್ಲ ಪುಕ್ಕಟೆ. ಅಷ್ಟರಲ್ಲಿ ದರ್ಜಿ ಕ್ಷೌರಿಕನ ಮಗಳನ್ನೂ ಮನೆಯಿಂದ ಎಳೆದು ತಂದ.

"ಬಿಸಿ ಟವೆಲ್ ವಿಷಯ ಸಾರ್‌ಗೆ ಹೇಳಮ್ಮ" ಅಂದ ಅಪ್ಪ.

"ಇವರು ಯಾರು ಅಂತ ಕೇಳಿದ್ಯಾಪ್ಪಾ?"

"ಸುಮ್ನೆ ಹೇಳು."

ಸಂದರ್ಶನಕ್ಕೆಂದೇ ಅವಳು ಯೋಚಿಸಿಟ್ಟಿದ್ದ ವಿಷಯ ಅದು. "ಕೂದಲು ಬಿಸಿನೀರು ಹೀರ್ಕೊಂಡು ಉಬ್ಬುತ್ತೆ, ಮೆತ್ತಗಾಗುತ್ತೆ. ಅದಕ್ಕೇ ಕತ್ತಿ ಸಲೀಸಾಗಿ ಓಡುತ್ತೆ."

ಗಿರಾಕಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಇನ್ನೊಂದ್ಸಲ ನಿಧಾನಕ್ಕೆ ಹೇಳಮ್ಮ."

ಸೀಟು ಸಿಕ್ಕಿತು ಅಂದುಕೊಂಡ ಕ್ಷೌರಿಕ ಇನ್ನಷ್ಟು ಎಣ್ಣೆ ಸುರಿದ.

ಮಧ್ಯಾಹ್ನ ಶಾಲೆಗೆ ಹೋದರೆ, ಹೆತ್ತವರ ಬೆಂಚಿನ ಮೇಲೆ ಅದೇ ಕನ್ನಡಕ, ಅದೇ ಮಿರಿಮಿರಿ ಮಿಂಚುವ ಮುಖ. ಪಕ್ಕದಲ್ಲಿ ಅವರ ಮಗ. "ಕೂದಲು, ಬಿಸಿನೀರು, ಉಬ್ಬುತ್ತೆ" ಎಂದು ಅಪ್ಪ ಹೇಳಿಕೊಡುತ್ತಿದ್ದರು, ಮಗ ಗಿಣಿಯ ಹಾಗೆ ಒಪ್ಪಿಸುತ್ತಿದ್ದ. ಒಳಗೆ ಮೊದಲು ಕರೆದದ್ದೂ ಅವನನ್ನೇ.

ಮಗಳು ಹೊರಬಂದ ಮೇಲೆ ಇಬ್ಬರೂ ಮನೆ ದಾರಿ ಹಿಡಿದರು. ಅರ್ಧ ದಾರಿಯಲ್ಲಿ ಅವಳೇ ಶುರುಮಾಡಿದಳು.

"ಆ ಹುಡುಗ ಎಲ್ಲಾ ಹೇಳಿಬಿಟ್ಟಿದ್ದ. 'ನೀನು ಬೇರೆ ಏನಾದ್ರೂ ಹೇಳು, ಯೋಚನೆ ಮಾಡೋವಾಗ ಜನ ಮಾಡೋ ತಪ್ಪು ಯಾವುದು' ಅಂತ ಮೇಷ್ಟ್ರು ಕೇಳಿದ್ರು. ಪುರಾವೆ ಇಲ್ದೆ ತೀರ್ಮಾನಕ್ಕೆ ಬರೋದು ಅಂದೆ. ಉದಾಹರಣೆ ಕೇಳಿದ್ರು." ಅವಳು ಚಪ್ಪಲಿ ನೋಡಿಕೊಂಡಳು. "ನಿನ್ನ ಕತೆ ಹೇಳ್ದೆ."

"ನಕ್ಕರಾ?"

"ಒಬ್ಬರಂತೂ ಕಣ್ಣೀರು ಬರೋ ಹಾಗೆ ನಕ್ಕರು."

ಅವನಿಗೆ ಅವಳ ಮೇಲೆ ಕೋಪ ಬರಲಿಲ್ಲ. ತನ್ನ ಮೇಲೇ ಬಂತು, ಅದೂ ಕೊತಕೊತ ಕುದಿಯುವಂಥದ್ದು. ಮಗಳನ್ನು ಮನೆಗೆ ಬಿಟ್ಟು ಅಂಗಡಿಗೆ ಬಂದ.

ಸಂಜೆ ಇನ್ನೊಬ್ಬ ಕನ್ನಡಕದ ಗಿರಾಕಿ ಬಂದು ಕುರ್ಚಿಯಲ್ಲಿ ಕೂತರು. ದರ್ಜಿ ಬಾಗಿಲಲ್ಲಿ ಇಣುಕಿದ. "ಇವರು ಮಾತ್ರ ಖಂಡಿತ ಮೇಷ್ಟ್ರು ಕಣಯ್ಯಾ."

"ಹೋಗಿ ಗುಂಡಿ ಹೊಲಿ" ಅಂದ ಕ್ಷೌರಿಕ. ತಣ್ಣೀರು ಎರಚಿ, ಒರಟಾಗಿ ನೊರೆ ಬಳಿದು ಕತ್ತಿ ಎಳೆಯತೊಡಗಿದ.

"ಬಿಸಿ ಟವೆಲ್ ಇಲ್ವಾ?"

"ಅದು ಮೇಷ್ಟ್ರುಗಳಿಗೆ ಮಾತ್ರ."

"ನಾನೂ ಮೇಷ್ಟ್ರೇ."

"ಪುರಾವೆ ಇದೆಯಾ?"

ಅಷ್ಟರಲ್ಲಿ ಚಹಾ ತಂದ ಮಗಳು ಹೊಸ್ತಿಲಲ್ಲೇ ನಿಂತುಬಿಟ್ಟಳು. "ನಮಸ್ಕಾರ ಸಾರ್."

"ಬಾಮ್ಮ. ಪಟ್ಟಿ ನಾಳೆ ಹಾಕ್ತೀವಿ. ನಿನಗೆ ಸೀಟು ಸಿಕ್ಕಿದೆ. ನಿಮ್ಮಪ್ಪನ್ನ ಒಂದ್ಸಲ ನೋಡಬೇಕು ಅನ್ನಿಸ್ತು, ಬಂದೆ."

ಕ್ಷೌರಿಕನಿಗೆ ಅಳು ಮೊದಲು ಬಂತು, ನಾಚಿಕೆ ಆಮೇಲೆ. ಕಣ್ಣೊರೆಸಿಕೊಂಡು ಬಿಸಿ ಟವೆಲ್ಲಿಗೆ ಓಡಿದ.

"ಬೇಡ ಬಿಡಿ" ಎಂದರು ಅರ್ಧ ಗಡ್ಡದ ಮೇಷ್ಟ್ರು, ನಗುತ್ತಾ. "ಒಂದೇ ದಿನ ಒಂದೇ ತಪ್ಪನ್ನ ಎರಡು ಕಡೆಯಿಂದ ಮಾಡೋರು ಸಿಗೋದು ಅಪರೂಪ. ಪ್ರತಿ ವರ್ಷ ನನ್ನ ಮೊದಲ ಪಾಠಕ್ಕೆ ಇನ್ನು ನಿಮ್ಮದೇ ಕತೆ."